ಹನ್ನೊಂದು ತಿಂಗಳ ಪಥ್ಯ

ಕುದ್ರೋಳಿ, ಮಂಗಳೂರು
೧೨ ನವೆಂಬರ್ ೧೯೩೮

ಪ್ರೀತಿಯ ರೊಸಾಲಿನ್,

ಈ ವರ್ಷದ ನಿನ್ನ ಮೂರು ಕಾಗದಗಳಿಗೂ ನಾನು ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ನಿನ್ನ ಮೇಲೆ, ನಿಮ್ಮ ಮದ್ರಾಸಿನ ಡಾಕ್ಟರ ಮೇಲೆ, ಅವರು ಕಳಿಸಿದ ಆ ಪಥ್ಯದ ಪಟ್ಟಿಯ ಮೇಲೆ. ಈಗಲೂ ಪೂರ್ತಿ ಇಳಿದಿಲ್ಲ. ಆದರೂ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿತವರು ನಾವು. ನಿನಗಲ್ಲದೆ ಯಾರಿಗೆ ಬರೆಯಲಿ?

ನನ್ನ ಸುಂದರಿಯ ಇಸುಬು ನಿನಗೆ ಗೊತ್ತೇ ಇದೆ. ಆರು ತಿಂಗಳ ಕೂಸಾಗಿದ್ದಾಗಿನಿಂದ ಮೊಣಕೈ, ಮೊಣಕಾಲಿನ ಸಂದಿ, ಕುತ್ತಿಗೆ ಎಲ್ಲ ಕೆರೆದು ಕೆರೆದು ನೀರು ಒಸರುತ್ತಿತ್ತು. ಕೆಲವು ಮಕ್ಕಳಿಗೆ ತಿನ್ನುವುದೇ ಒಗ್ಗುವುದಿಲ್ಲ, ಒಂದೊಂದಾಗಿ ಬಿಡಿಸಿ ನೋಡುತ್ತಾರೆ ಎಂದು ನೀನು ಕೆಲಸ ಮಾಡುವ ಆಸ್ಪತ್ರೆಯಿಂದ ಬರೆದಾಗ ನನಗೆ ದಾರಿ ಕಂಡ ಹಾಗಾಯಿತು. ಪಟ್ಟಿ ಬಂದ ದಿನವೇ ಮೊಟ್ಟೆ, ಹಾಲು, ಗೋಧಿ ನಿಲ್ಲಿಸಿದೆ. ತುರಿಕೆ ನಿಲ್ಲಲಿಲ್ಲ. ಮೀನು ನಿಲ್ಲಿಸಿದೆ. ನೆರೆಮನೆಯವರು ಬದನೆ ನಂಜು ಎಂದರು, ಅದೂ ಹೋಯಿತು. ಮದ್ದು ಕೊಡುವ ಪಂಡಿತರು ಉದ್ದು ಬೇಡ ಎಂದರು. ಕೊನೆಗೆ ತೆಂಗಿನಕಾಯಿಯ ಮೇಲೆ ನನಗೇ ಸಂಶಯ ಬಂತು. ಉಳಿದದ್ದು ಗಂಜಿ, ಉಪ್ಪು, ಬೇಯಿಸಿದ ಸೌತೆ.

ನೀನು ಬರೆದದ್ದು ಹದಿನೈದು ದಿನ ಎಂದು. ಆಮೇಲೆ ಒಂದೊಂದನ್ನೇ ಮರಳಿ ಕೊಡು ಎಂದು ಮೂರು ಕಾಗದಗಳಲ್ಲೂ ನೀನು ಬರೆದೆ. ನಾನು ನಡೆಸಿದ್ದು ಹನ್ನೊಂದು ತಿಂಗಳು. ಒಂದು ವಾರ ಚರ್ಮ ಸ್ವಲ್ಪ ತಿಳಿಯಾದರೆ ಪಥ್ಯದಿಂದ ಎನ್ನುತ್ತಿದ್ದೆ. ಮರುವಾರ ಕೆಂಪೆದ್ದರೆ ಇನ್ನೊಂದನ್ನು ಬಿಡಿಸುತ್ತಿದ್ದೆ. ಯಜಮಾನರು ಕಡಲಿನಿಂದ ಬಂದು ಮೀನಿನ ಬುಟ್ಟಿ ಇಳಿಸಿದರೆ ಅವಳನ್ನು ಒಳಗೆ ಎಳೆದುಕೊಂಡು ಹೋಗುತ್ತಿದ್ದೆ. ನಾಲ್ಕು ವರ್ಷದವಳಿಗೆ ಹೋದ ವರ್ಷದ ಅಂಗಿಯೂ ಸಡಿಲವಾಯಿತು. ಹೊಸ್ತಿಲು ದಾಟಲಿಕ್ಕೂ ಬಾಗಿಲು ಹಿಡಿಯುತ್ತಿದ್ದಳು.

ಅಕ್ಟೋಬರಿನ ಮೊದಲ ವಾರ ಒಂದು ಬೆಳಿಗ್ಗೆ ಅವಳ ಬಾಯಲ್ಲಿ ಬಂಗುಡೆ ಮೀನಿನ ಮುಳ್ಳು ಸಿಕ್ಕಿತು. ಹೊಡೆದೆ, ರೊಸಾಲಿನ್. ಕೆನ್ನೆಗೆ ಹೊಡೆದೆ. ದೇರೆಬೈಲಿಗೆ ಮೀನು ಮಾರಲು ಹೊರಟಿದ್ದ ಅತ್ತೆ ತಲೆಯ ಮೇಲಿನ ಬುಟ್ಟಿ ಇಳಿಸಿ ನಡುವೆ ಬಂದರು.

"ಅವಳಿಗೆ ಯಾಕೆ ಹೊಡಿತೀ? ಕೊಟ್ಟದ್ದು ನಾನು. ಮಳೆ ಮುಗಿದು ದೋಣಿ ಇಳಿಸಿದ ದಿನದಿಂದ ದಿನಾ ಕೊಡ್ತಾ ಇದ್ದೇನೆ. ಎಂತ ಆಯ್ತು ಅವಳಿಗೆ? ನೀನೇ ನೋಡು."

ಅಂಗಿ ಎತ್ತಿ ನೋಡಿದೆ. ಒಂದು ತಿಂಗಳಿಗೂ ಹೆಚ್ಚು ಮೀನು ತಿಂದಿದ್ದಳು. ಚರ್ಮ ಹೇಗಿತ್ತೋ ಹಾಗೇ ಇತ್ತು. ಸಂತೋಷವಾಗಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಅವಳ ಅಳು, ನನ್ನ ಹಠ, ಎಲ್ಲ ದಂಡ! ಪಟ್ಟಿಯನ್ನು ಒಲೆಗೆ ಹಾಕಿದೆ. ಅದೇ ಒಲೆಯಲ್ಲಿ ಮೊಟ್ಟೆ ಬೇಯಿಸಿ, ಇಡೀ ಮೊಟ್ಟೆ ಅವಳ ಕೈಗೆ ಕೊಟ್ಟೆ.

ಅರ್ಧ ತಿಂದಿದ್ದಳು. ತುಟಿ ಊದಿತು. ಮೈತುಂಬ ದದ್ದು. ಆಮೇಲೆ ಉಸಿರು ಸೀಟಿಯ ಹಾಗೆ ಕೇಳಿಸತೊಡಗಿತು. ಬಲೆ ಹೊಲಿಯುತ್ತಿದ್ದ ಇವರು ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಬಂದರಿನ ಕಡೆಯ ಡಾಕ್ಟರಲ್ಲಿಗೆ ಓಡಿದರು. ನಾನು ಹಿಂದೆ. ಡಾಕ್ಟರು ಚುಚ್ಚುಮದ್ದು ಕೊಟ್ಟರು. ಸುಂದರಿ ಕಣ್ಣು ಬಿಟ್ಟು ನೀರು ಕೇಳುವವರೆಗೆ ನಾನು ಬದುಕಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಡಾಕ್ಟರು ಬೈಯಲಿಲ್ಲ. "ಬಹಳ ದಿನ ಬಿಡಿಸಿದ್ದಕ್ಕೆ ಮೈಗೆ ಅದು ಪರಕೀಯವಾಯಿತೋ ಏನೋ, ನನಗೂ ಖಾತ್ರಿ ಇಲ್ಲಮ್ಮ. ಮೊಟ್ಟೆ ಮಾತ್ರ ಇನ್ನು ಮುಟ್ಟಿಸಬೇಡಿ. ಬೇರೆಯದ್ದು ನನ್ನೆದುರೇ ಒಂದೊಂದು ಚೂರು ಕೊಡುವ. ಚರ್ಮಕ್ಕೆ ಚರ್ಮದ ಮದ್ದು ಉಂಟು, ಅದನ್ನು ಯಾಕೆ ಬಿಟ್ಟಿರಿ?" ಎಂದರು. ಹೌದು, ಪಥ್ಯದ ಭರದಲ್ಲಿ ಮುಲಾಮು ಹಚ್ಚುವುದನ್ನೇ ಬಿಟ್ಟಿದ್ದೆ.

ಈಗ ತೆಂಗಿನಕಾಯಿ, ಉದ್ದು, ಹಾಲು ಮರಳಿವೆ. ಮೀನು ಅತ್ತೆಯ ಕೈಯಿಂದಲೇ ಆಗಬೇಕಂತೆ ಅವಳಿಗೆ. ಸ್ವಲ್ಪ ಮೈ ತುಂಬಿಕೊಂಡಿದ್ದಾಳೆ. ದಿನಕ್ಕೆ ಮೂರು ಸಲ ಮುಲಾಮು ಹಚ್ಚುತ್ತೇನೆ. ತುರಿಕೆ ಅರ್ಧ ಇಳಿದಿದೆ, ಹೋಗಿಲ್ಲ. ನಿನ್ನೆಯೂ ಕುತ್ತಿಗೆ ಕೆರೆದುಕೊಂಡು ರಕ್ತ ಬಂತು. ಯಾರನ್ನು ಕೇಳಿದರೂ ದೊಡ್ಡವಳಾದ ಹಾಗೆ ಹೋಗುತ್ತದೆ ಎನ್ನುತ್ತಾರೆ. ಎಷ್ಟು ದೊಡ್ಡವಳಾಗಬೇಕು? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮನೆಗೆ ಯಾರೇ ಬಂದರೂ ಅವರು ಕೈಗೆ ಕೊಟ್ಟ ತಿಂಡಿಯನ್ನು ಸುಂದರಿ ನನ್ನ ಹತ್ತಿರ ತಂದು, ತಿನ್ನಬಹುದಾ ಎಂದು ಕೇಳುತ್ತಾಳೆ. ಕೇಳುವಾಗ ಕೆನ್ನೆಗೆ ಒಂದು ಕೈ ಅಡ್ಡ ಹಿಡಿದಿರುತ್ತಾಳೆ.

ನಿನ್ನ ಗೆಳತಿ,
ರಾಜೀವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪಟ್ಟಿ ಮಾಡುವ ಮೊದಲು ನಿಮ್ಮ ಡಾಕ್ಟರು, ಮೊಟ್ಟೆ ತಿಂದರೆ ತುರಿಕೆ ಹೆಚ್ಚುತ್ತದೆಯೇ ಎಂದು ನಿನ್ನ ಮೂಲಕ ಕೇಳಿಸಿದ್ದರು. ಹೌದು ಎಂದು ಬರೆದೆ. ಅದು ಸುಳ್ಳು. ಆಗ ಅವಳು ವಾರಕ್ಕೆ ಎರಡು ಮೊಟ್ಟೆ ತಿನ್ನುತ್ತಿದ್ದಳು, ಏನೂ ಆಗುತ್ತಿರಲಿಲ್ಲ. ಇಲ್ಲ ಎಂದರೆ ಅವರು ಪಟ್ಟಿಯನ್ನೇ ಕಳಿಸಲಿಕ್ಕಿಲ್ಲ ಎಂದು ಹೆದರಿದ್ದೆ. ಇವರಿಗೂ ಅತ್ತೆಗೂ ಹೇಳಿಲ್ಲ. ನಿಮ್ಮ ಡಾಕ್ಟರಿಗೆ ನೀನು ಹೇಳು.