ಗಂಗಾಗ ಬಾಬುನಾ ಯಾಕ ಕೊಡಲಿಲ್ಲ

ಅತ್ತೆವ್ವಾರಿಗೆ,

ನಿಮ್ಮ ಸೊಸಿ ಬರಿಯೂದು. ನಮಸ್ಕಾರ ಆಮ್ಯಾಲ, ಮೊದಲ ನಿಮಗ ಬೈಯೂದೈತಿ. ನಾಲ್ಕನೇತ್ತಾಕ್ಕ ಸಾಲಿ ಬಿಟ್ಟಾಕಿ ನಾನು, ಅಕ್ಷರ ಡೊಂಕ ಇರ್ತಾವ. ನಿಮ್ಮ ಮೊಮ್ಮಗಳು, ನನ್ನ ಮಗಳು ಗಂಗಾ, ನನ್ನ ಕಣ್ಣ ಮುಂದ ಸತ್ತ ಹೋಗ್ತಿದ್ಲು. ಅದೂ ನಿಮ್ಮ ಹೂವಿನ ನೀರು ಕುಡದು.

ಇಚಲಕರಂಜಿ ಮನಿ ಗೂಡಿನಾಗ ಇದ್ದ ಹಿತ್ತಾಳಿ ಡಬ್ಬಿ ನೆನಪೈತೇನು? ಕೊಲ್ಹಾಪುರದ ಗಿಡಮೂಲಿಕಿ ಅಂಗಡಿಯಿಂದ ಬಾಬುನಾ ತರಸ್ತಿದ್ರಿ. ನಡುವ ಹಳದಿ, ಸುತ್ತಲೂ ಬಿಳಿ ಎಸಳಿನ ಒಣ ಹೂವು. ಈಗಿನ ಹುಡುಗ್ಯಾರು ಅದಕ್ಕ ಕ್ಯಾಮೊಮೈಲ್ ಅಂತಾರ. ಗಿರಣ್ಯಾಗ ರಾತ್ರಿ ಪಾಳಿ ಮುಗಿಸಿ ಬಂದ ನಿಮ್ಮ ಮಗನ ಕಿವ್ಯಾಗ ಮಗ್ಗ ಬಡೀತಾನ ಇರ್ತಿತ್ತು, ಹಗಲು ನಿದ್ದಿ ಹತ್ತತಿರಲಿಲ್ಲ. ನೀವು ಕುದಿಯೋ ನೀರಾಗ ಹೂವು ಹಾಕಿ, ಮುಚ್ಚಿಟ್ಟು, ಸೋಸಿ ಕೊಡ್ತಿದ್ರಿ. ಹೊಟ್ಟಿ ಉಬ್ಬಿದ್ರೂ ಅದ, ಮುಟ್ಟಿನ ನೋವಿಗೂ ಅದ, ನೆಗಡಿಗೆ ಅದರ ಹಬಿ. ಓಣಿ ಹೆಂಗಸರು ವಾಟಿ ಹಿಡಕೊಂಡು ಬರ್ತಿದ್ರು.

ಗಂಗಾಗ ಮಾತ್ರ ಇಲ್ಲ. ಆಕಿ ಹೊಟ್ಟಿ ಹಿಡಕೊಂಡು ಹೊಳ್ಳಾಡಿದ ದಿನಾನೂ ಅಜವಾನ ನೀರು ಕೊಟ್ರಿ. ನಾ ಕೇಳೇ ಬಿಟ್ಟೆ, "ಊರಿಗೆಲ್ಲಾ ಬಾಬುನಾ, ಮನಿ ಹುಡುಗಿಗೆ ಅಜವಾನ. ಹೆಣ್ಣಂತ ಕಡಿಮಿ ಏನ್ರಿ?" ನೀವು ಡಬ್ಬಿ ಮುಚ್ಚಳಾ ಒತ್ತಿದ್ರಿ. "ಆಕಿಗೆ ಬ್ಯಾಡ. ನೀ ರೊಟ್ಟಿ ಬಡಿ."

ಹ್ವಾದ ತಿಂಗಳು ಗಡಹಿಂಗ್ಲಜಕ್ಕ ಗಂಗಾನ ಮನಿಗೆ ಹೋಗಿದ್ದೆ. ಕಬ್ಬಿನ ಬದುವಿನ ಮ್ಯಾಲ ಕಾಂಗ್ರೆಸ್ ಕಸ ಕಿತ್ತು ಬಂದು, ಮೈಯೆಲ್ಲಾ ಕೆರಕೋತ ಕುಂತಿದ್ಲು. ನಿದ್ದಿ ಇಲ್ಲವ್ವಾ, ಅಂದ್ಲು. ನಿಮ್ಮ ಹಿಂದ ಡಬ್ಬಿ ನನ್ನ ಪಾಲಿಗೆ ಬಂದಿತ್ತು, ಆವತ್ತೂ ಚೀಲದಾಗಿತ್ತು. ನಿಮ್ಮ ಮ್ಯಾಲಿನ ಹಳೇ ಸಿಟ್ಟೂ ಜೋಡಿಗಿತ್ತು. "ನಿಮ್ಮಜ್ಜಿ ಕೊಡಲಿಲ್ಲ, ನಾ ಕೊಡ್ತೇನಿ, ಕುಡಿ" ಅಂದೆ. ಅರ್ಧ ವಾಟಿ ಇಳಿಯೂದ್ರಾಗ ತುಟಿ ಬಾತವು. "ಅವ್ವಾ, ಗಂಟಲಾ..." ಅಂದ್ಲು, ಮುಂದ ಮಾತಿಲ್ಲ. ಉಸರು ಶಿಳ್ಳಿ ಹೊಡದಂಗ. ಅಳಿಯ ಮೋಟರ್‌ಸೈಕಲ್ ತಗದ. ನಮ್ಮಿಬ್ಬರ ನಡುವ ಆಕಿನ್ನ ಕುಂದರಿಸಿಕೊಂಡು ದವಾಖಾನಿಗೆ ಓಡಿದ್ವಿ. ಆಕಿ ತಲಿ ಅಳಿಯನ ಬೆನ್ನ ಮ್ಯಾಲ ಜೋತು ಬಿದ್ದಿತ್ತು. ನಾ ಏನ ಮಾಡಿದೆ, ಏನ ಕೊಟ್ಟೆ, ದಾರಿ ತುಂಬ ಅದ...

ಡಾಕ್ಟರಮ್ಮ ಗಂಗಾನ ತೊಡಿಗೆ ಸೂಜಿ ಚುಚ್ಚಿದ್ಲು. ಗಂಗಾನ ಉಸರು ಹಾದಿಗೆ ಬಂದ ಮ್ಯಾಲ ನನ್ನ ಕಡೆ ಹೊಳ್ಳಿದ್ಲು, "ಆಜಿ, ಕಾಯ ಪಾಜಲಂತ ಹಿಲಾ?" ಇಕಿಗೆ ಏನ ಕುಡಸೀರಿ ಅಂತ ಮರಾಠ್ಯಾಗ ಕೇಳಿದ್ಲು. ಡಬ್ಬಿ ತಗದ ತೋರಸಿದೆ. ಶೇವಂತಿ, ಕಾಂಗ್ರೆಸ್, ಬಾಬುನಾ, ಎಲ್ಲಾ ಒಂದ ಭಾವಕಿ, ಒಂದ ಕುಲದ ಗಿಡ ಅಂದ್ಲು. ಭಾಳ ಮಂದಿಗೆ ಏನೂ ಆಗೂದಿಲ್ಲ, ಆದ್ರ ಒಂದು ಒಗ್ಗದ ಮೈಗೆ ಇನ್ನೊಂದೂ ಮುನೀಬಹುದು ಅಂತ. ಆಮ್ಯಾಲ ಕೇಳಿದ್ಲು, ಸಣ್ಣಾಕಿದ್ದಾಗ ಶೇವಂತಿ ಮುಡದು ಮೈಗೆ ದದ್ದು ಎದ್ದಿತ್ತೇನು?

ಆವಾಗ ನೆನಪಾತು, ಅತ್ತೆವ್ವಾ. ಹಬ್ಬದ ಮರುದಿನ ಮುಂಜಾನೆ ಗಂಗಾ ಕಣ್ಣು ಬಾತು ಎದ್ದಿದ್ಲು, ಹೆರಳಾಗ ಬಾಡಿದ ಶೇವಂತಿ ಮಾಲಿ. ನೀವು ಅದನ್ನ ಕಿತ್ತು ಒಗದು, ಸೆರಗಿನಾಗ ಆಕಿ ಮಾರಿ ಮುಚ್ಚಿ, "ಇರಿವಿ ಕಡದಾವ" ಅಂದ್ರಿ. ಓಣಿಗೂ ಇರಿವಿ, ನನಗೂ ಇರಿವಿ. ಆವತ್ತಿಂದ ಆಕಿಗೆ ಬರೇ ಮಲ್ಲಿಗಿ. ಆವತ್ತಿಂದ ಬರೇ ಅಜವಾನ. ಹುಡುಗಿ ಮೈಯಾಗ ರೋಗ ಐತಿ ಅಂತ ಸುದ್ದಿ ಹಬ್ಬಿದ್ರ ವರಾ ಸಿಗೂದಿಲ್ಲ ಅಂತ ಮುಚ್ಚಿಟ್ರಲ್ಲ? ನನಗರ ಹೇಳಬಾರದಿತ್ತೇನು? ಹೆತ್ತಾಕಿ ನಾನು. ನಿಮ್ಮ ಉತ್ತರ ಗೊತ್ತೈತಿ ನನಗ. "ನಿನ್ನ ಬಾಯಿ ಪಾಳಿಗೆ ಕೂಗೋ ಗಿರಣಿ ಭೋಂಗಾ, ಒಮ್ಮೆ ಊದಿದ್ರ ಬಾಜೂ ಊರು ಕೊರೋಚಿ ತನಕಾ ಕೇಳಸ್ತೈತಿ." ದಿನಾ ಅಂತಿದ್ರಿ.

ಡಬ್ಬಿ ಒಗದಿಲ್ಲ. ಓಣಿಯವರು ಇನ್ನೂ ಬರ್ತಾರ. ಶೇವಂತಿ, ಕಾಂಗ್ರೆಸ್ ಒಗ್ಗತಾವೇನು ಅಂತ ಕೇಳದ ಒಂದ ಹೂವೂ ಕೊಡೂದಿಲ್ಲ.

ಮೊನ್ನೆ ಗಂಗಾನ ಮಗಳನ್ನ ನೋಡಾಕ ಬೀಗರು ಬಂದಿದ್ರು. ತಾಟಿನಾಗ ಶೇವಂತಿ ದಂಡಿ. ಅದನ್ನ ಮುಡದ್ರ ಆ ಹುಡುಗಿಗೂ ಕುತಗಿ ತುರಸ್ತೈತಂತ, ನನಗ ಈಗ ಗೊತ್ತು. ಗಂಗಾ ನನ್ನ ಕಡೆ ನೋಡಿ ಕಣ್ಣಿಲೇ ಹೇಳಬ್ಯಾಡ ಅಂದ್ಲು, ಥೇಟ್ ನಿಮ್ಮಂಗ. ನಾ ಎಲ್ಲಾರ ಮುಂದ ಅಂದೆ, "ಶೇವಂತಿ ತಗೀರಿ. ನಮ್ಮ ಹುಡುಗಿಗೆ ಒಗ್ಗೂದಿಲ್ಲ. ಇವರವ್ವ ಇದರಿಂದನ ಸಾಯ್ತಿದ್ಲು." ಹುಡುಗನ ಅವ್ವ ತಾಟ ಬಾಜೂಕ ಸರಿಸಿದ್ಲು. "ಇಷ್ಟ ಏನ್ರಿ? ನಮ್ಮ ಹುಡುಗಗ ಶೇಂಗಾ ಒಗ್ಗೂದಿಲ್ಲ. ಹೆಂಗ ಹೇಳೂದಂತ ದಾರಿ ತುಂಬ ಚಿಂತಿ ಮಾಡ್ಕೋತ ಬಂದೇವಿ."

ಭೋಂಗಾ ಊದೇನಿ, ಅತ್ತೆವ್ವಾ. ಸಂಬಂಧ ಮುರೀಲಿಲ್ಲ. ಲಗ್ನಕ್ಕ ಮಲ್ಲಿಗಿ ಹೇಳಿ ಬಂದೇನಿ, ಚಟ್ನಿ ಬೆಳ್ಳುಳ್ಳಿದು.