ಮೂವತ್ನಾಲ್ಕು ಮೆಟ್ಟಿಲು, ಇಪ್ಪತ್ತೇಳು ಕಿಲೋ

ಜನವರಿ 9. ಬೆಳಿಗ್ಗೆ 6.40

"ನೀರು! ನೀರು ನುಗ್ತಾ ಇದೆ! ಬಕೆಟ್ ತಗೊಂಡ್ ಬಾ!" — ಬಚ್ಚಲಿನಿಂದ ಕೂಗಿದೆ. ಮಗಳು ಬ್ರಷ್ ಬಾಯಲ್ಲೇ ಕಚ್ಚಿಕೊಂಡು ಓಡಿಬಂದಳು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ನೆಲ ಒರೆಸುವ ಬಟ್ಟೆ. ಇಲ್ಲಿ ನಾನು ಒದ್ದೆ ಟವೆಲ್ ಹಿಂಡುತ್ತ ನಿಂತಿದ್ದೇನೆ. ಒಟ್ಟು ಇಳಿದ ನೀರು ಅರ್ಧ ಲೋಟ.

ಸುಳ್ಳು ಕೂಗು. ತಕ್ಷಣ ಒಪ್ಪಿಕೊಂಡೆ. ಟವೆಲ್ ಹಿಂಡಿದ್ದು ಕೈ ಗಟ್ಟಿಯಾಗಲಿ ಎಂದು. ಕೂಗಿದ್ದು ಬೋರಾಗದಿರಲಿ ಎಂದು.

"ಅಪ್ಪಾ, ಅಮ್ಮ ಇಲ್ಲೇ ಬಿದ್ದು ಸೊಂಟ ಮುರ್ಕೊಂಡು ಎರಡು ತಿಂಗಳಾಗಿಲ್ಲ. ಇದೇ ಬಚ್ಚಲಲ್ಲಿ ನಿಂತು ನೀರು ಅಂತ ಕೂಗ್ತೀಯಲ್ಲ, ಮನುಷ್ಯನಾ ನೀನು?" ಪೇಸ್ಟಿನ ನೊರೆ ನನ್ನ ಮೂಗಿನವರೆಗೆ ಹಾರಿತು.

ನೊರೆ ಒರೆಸಿಕೊಂಡೆ. ನಲ್ಲಿ ಸೋರಿ ನೆಲ ಒದ್ದೆಯಾಗಿತ್ತು, ಜಾರಿದಳು — ಅಂತ ನವೆಂಬರಿನಲ್ಲಿ ಎಲ್ಲರಿಗೂ ಹೇಳಿದ್ದು ನಾನೇ ತಾನೆ.

ಒಳಗಿನ ಮಂಚದಿಂದ ಹೆಂಡತಿ: "ಎಷ್ಟು ಬಂತ್ರೀ ಪ್ರವಾಹ?"

"ಅರ್ಧ ಲೋಟ ಕಣೇ."

"ಈರುಳ್ಳಿ ಹೆಚ್ಚಿದ್ರೆ ನಂಗೆ ಅದಕ್ಕಿಂತ ಜಾಸ್ತಿ ಕಣ್ಣೀರು ಬರುತ್ತೆ."

ಜನವರಿ 11

ಫಿಸಿಯೋ ಮೇಡಂ ಬಂದಿದ್ದರು. ವಾರಕ್ಕೆರಡು ಸಲ ಬಂದು ಇವಳನ್ನು ವಾಕರ್ ಹಿಡಿಸಿ ನಡೆಸುತ್ತಾರೆ. ಮನೆಯೊಳಗೆ ಸರಿ, ಮೆಟ್ಟಿಲಿಗೆ ವಾಕರ್ ಆಗದು. ಸೊಂಟಕ್ಕೆ ಬೆಲ್ಟ್ ಕಟ್ಟಿ, ಪಕ್ಕದಲ್ಲಿ ಒಬ್ಬರು ಅದರ ಹಿಡಿಕೆ ಹಿಡಿದು ಇಳಿಸಬೇಕಂತೆ. ನಮ್ಮದು ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೂವತ್ನಾಲ್ಕು ಮೆಟ್ಟಿಲು. ಅವುಗಳ ಬುಡದಲ್ಲಿ ಇವಳ ಹೊಲಿಗೆ ಅಂಗಡಿ. ನವೆಂಬರಿನಿಂದ ಬೀಗ.

"ಬೆಲ್ಟ್ ನಾನು ಹಿಡೀತೀನಿ" ಅಂದೆ.

ಮೇಡಂ ಚೀಲದಿಂದ ಒಂದು ಯಂತ್ರ ತೆಗೆದರು. ಅಮುಕಿದರೆ ಹಿಡಿಯ ಬಲ ಎಷ್ಟು ಕಿಲೋ ಎಂದು ತೋರಿಸುತ್ತದೆ. ಹಲ್ಲು ಕಚ್ಚಿ ಅಮುಕಿದೆ. ಹದಿನಾರು.

"ಮಿಷನ್ ಕೆಟ್ಟಿದೆ."

ಅವರು ಅಮುಕಿದರು. ಮೂವತ್ತೊಂದು. "ಮಿಷನ್ ಚೆನ್ನಾಗಿದೆ, ತಾತ."

"ನಲವತ್ತು ವರ್ಷ ಪ್ಲಂಬರ್ ಆಗಿದ್ದೆ ಮೇಡಂ. ತುಕ್ಕು ಹಿಡಿದ ನಲ್ಲಿ ನನ್ನ ಕಂಡ್ರೆ ತಾನಾಗೇ ಬಿಚ್ಕೊಳ್ತಿತ್ತು."

"ಈಗ ತುಕ್ಕು ನಿಮಗೆ ಹಿಡಿದಿದೆ. ಅಜ್ಜಿ ಐವತ್ತೆಂಟು ಕಿಲೋ ಇದ್ದಾರೆ. ಮೆಟ್ಟಿಲಲ್ಲಿ ಮಂಡಿ ಮಡಚಿದ್ರೆ ಅಷ್ಟೂ ನಿಮ್ಮ ಬೆರಳಿಗೆ ಬರುತ್ತೆ. ಇಪ್ಪತ್ತೇಳು ತೋರಿಸಿ, ಬೆಲ್ಟ್ ಕೈಗೆ ಕೊಡ್ತೀನಿ. ಅಲ್ಲೀತನಕ ಮೆಟ್ಟಿಲ ಹತ್ರ ಸುಳೀಬೇಡಿ."

ಕೈಲಾಸ ಅಂದರೇನು ಅಂತ ಎಪ್ಪತ್ತೊಂದನೇ ವಯಸ್ಸಿಗೆ ತಿಳಿಯಿತು. ಕೈ ಲಾಸ್.

ಜನವರಿ 12

ಪ್ಲಾನ್ ಬರೆದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ, ಇಡೀ ವರ್ಷದ್ದು. ಪೈಪ್ ಎಳೆಯುವ ಮೊದಲು ಗೋಡೆಗೆ ಗೀಟು ಹಾಕುತ್ತಿದ್ದೆನಲ್ಲ, ಹಾಗೆ. ಹಿಡಿತ ಎಂದರೆ ಒಂದೇ ಅಲ್ಲವಂತೆ — ಅಮುಕುವುದು ಬೇರೆ, ಚಿವುಟಿ ಹಿಡಿಯುವುದು ಬೇರೆ, ಭಾರ ಹಿಡಿದುಕೊಂಡೇ ಇರುವುದು ಬೇರೆ. ಬೆಲ್ಟಿಗೆ ಬೇಕಾದ್ದು ಕೊನೆಯದು. ವಾರಕ್ಕೆ ಮೂರು ದಿನ ಕೆಲಸ, ಮಿಕ್ಕ ದಿನ ಕೈಗೆ ರಜೆ. ಮೊದಲು ಟವೆಲ್, ಬಟ್ಟೆ ಕ್ಲಿಪ್, ಮರಳಿನ ಬಕೆಟ್ಟಿನೊಳಗೆ ಬೆರಳಾಡಿಸುವುದು. ಆಮೇಲೆ ಪೈಪ್ ತುಂಡಿಗೆ ಹಗ್ಗ, ಹಗ್ಗದ ತುದಿಗೆ ಇಟ್ಟಿಗೆ; ಮಣಿಕಟ್ಟು ತಿರುಗಿಸಿ ತಿರುಗಿಸಿ ಸುತ್ತಿ ಮೇಲೆತ್ತುವುದು. ಅದು ಮುಂಗೈಗೆ. ಕೊನೆಗೆ ಟೆರೇಸಿನ ಪೈಪಿಗೆ ಜೋತುಬೀಳುವುದು.

ಇವಳು ಕನ್ನಡಕ ಹಾಕಿಕೊಂಡು ಓದಿದಳು. "ರಜೆ ಅನ್ನೋದು ಮಾತ್ರ ದಪ್ಪಕ್ಷರದಲ್ಲಿದೆ."

ಕಿರುಬೆರಳೇ ಮೊದಲು ಸೋಲುವುದು. ಇನ್ನು ಮೇಲೆ ಅದರ ಹೆಸರು ಕಿರಿಕಿರಿ ಬೆರಳು.

ಜನವರಿ 19

ನನ್ನ ಪ್ರವಾಹಕ್ಕೆ ಹೆದರಿದ ಮಗಳು ಬಚ್ಚಲಿನ ನಲ್ಲಿಯನ್ನೇ ಬದಲಾಯಿಸಿಬಿಡೋಣ ಎಂದು ಸ್ಪ್ಯಾನರನನ್ನು ಕರೆಸಿದಳು. ಇಪ್ಪತ್ತು ವರ್ಷ ನನ್ನ ಜೊತೆ ಸ್ಪ್ಯಾನರ್ ಹಿಡಿದು ದುಡಿದವನು, ಅದೇ ಅವನ ಅಡ್ಡಹೆಸರಾಯಿತು. ಈಗ ಅವನಿಗೂ ಮೊಮ್ಮಕ್ಕಳು. ನಲ್ಲಿ ಬಿಚ್ಚಿದ. ವಾಷರನ್ನು ಬೆಳಕಿಗೆ ಹಿಡಿದ. ಉಗುರಿನಿಂದ ಒತ್ತಿದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅಣ್ಣಾ, ಇದು ಸೋರಿಲ್ಲ."

"ಹೊಸದು ಹಾಕು."

"ಹೊಸದಕ್ಕಿಂತ ಇದೇ ವಾಸಿ. ನೀನೇ ಕೂರಿಸಿದ್ದು."

"ಹಾಕು ಅಂದ್ನಲ್ಲ."

ಹಾಕಿದ. ಟೀಗೂ ನಿಲ್ಲದೆ ಹೋದ.

ಇವತ್ತು ಜೋಕಿಲ್ಲ.

ಫೆಬ್ರವರಿ 16

ಭಾನುವಾರ. ಮಗಳಿಗೆ ಬಿಡುವಿರುವುದು ಇದೊಂದೇ ದಿನ. ಬೆಲ್ಟ್ ತಾನು ಹಿಡಿಯುತ್ತೇನೆ ಎಂದಳು. ಅವಳದು ಇಪ್ಪತ್ತೊಂಬತ್ತು ಕಿಲೋ, ಪಾಸು. ಇವಳು ಮೊದಲ ಮೆಟ್ಟಿಲವರೆಗೆ ಹೋದಳು. ಕೆಳಗೆ ನೋಡಿದಳು. ವಾಪಸ್ ಬಂದಳು.

"ನಿಮ್ಮಪ್ಪನ ಕೈ ರೆಡಿ ಆಗ್ಲಿ. ಆಮೇಲೆ ಇಳೀತೀನಿ."

"ಅದು ರೆಡಿ ಆಗೋದ್ಯಾವಾಗಮ್ಮಾ? ಸುಮ್ನೆ ಹೊಲಿಗೆ ಮಿಷನ್ನೇ ಮೇಲೆ ತರ್ಸೋಣ."

"ಮಿಷನ್ ಬಂದ್ರೆ ಅಂಗಡಿ ಬಂತಾ? ಅಂಗಡಿ ಅಂದ್ರೆ ಜನ ಕಣೇ. ಗುಂಡಿ ಕಿತ್ತೋಯ್ತು ಅಂತ ಬಂದು ಗಂಡನ ಮೇಲೆ ದೂರು ಹೇಳೋರು, ಅದಕ್ಕೋಸ್ಕರ ಎರಡು ಮಹಡಿ ಹತ್ತಿ ಬರ್ತಾರಾ?"

ನನ್ನ ಕೈಯೇ ಯಾಕೆ ಬೇಕು? ಕೇಳಲಿಲ್ಲ. ಧೈರ್ಯ ಸಾಲಲಿಲ್ಲ.

ನಲವತ್ಮೂರು ವರ್ಷದಿಂದ ನಮ್ಮಿಬ್ಬರದು ಒಂದು ಜೋಕು ಇದೆ. ಬಸ್ಸಿಳಿಯುವಾಗ, ಚರಂಡಿ ದಾಟುವಾಗ, ಮೆಟ್ಟಿಲಲ್ಲಿ — ಅವಳ ಕೈ ಹಿಡಿದವನು "ಬಿಟ್ಟೆ!" ಎಂದು ಬೆರಳು ಬಿಚ್ಚುವುದು. ಅವಳು ಕಿರುಚುವಷ್ಟರಲ್ಲಿ ಗಬಕ್ಕನೆ ಹಿಡಿದುಕೊಳ್ಳುವುದು. ಬೈಸಿಕೊಳ್ಳುವುದು. ನವೆಂಬರಿನಿಂದ ಆಡಿಲ್ಲ.

ಪ್ಲಾನ್ ಬದಲು. ಇನ್ನು ದಿನಾ ಕೆಲಸ. ರಜೆಗಳನ್ನೆಲ್ಲ ಹೊಡೆದುಹಾಕಿದೆ.

ಮಾರ್ಚ್ 5

ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಇಟ್ಟಿಗೆ ಎರಡಾಯಿತು. "ಮುಂಗೈ ಬರೋಕೆ ಮುಂಚೆ ಮುಂಗೋಪ ಬಂತು ನಿಂಗೆ" ಎಂದಳು ಮಗಳು. ಒಳ್ಳೇ ಜೋಕು. ನನ್ನದೇ ಎಂದು ಎಲ್ಲರಿಗೂ ಹೇಳುವುದು.

ಮೊಣಕೈ ಒಳಗೆ ಸೂಜಿ ಆಡಿಸಿದ ಹಾಗಿದೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಏಪ್ರಿಲ್ 2

ಎಡಗೈ ಬರಹ. ಕಾಗೆ ಕಾಲಿಗೆ ಇಂಕು ಹಚ್ಚಿ ಓಡಿಸಿದ ಹಾಗಿದೆ... ಬಲ ಮೊಣಕೈ ಬಾತಿದೆ. ಯಂತ್ರ: ಹನ್ನೆರಡು. ಶುರುವಿಗಿಂತ ಕಮ್ಮಿ.

ಮೇಡಂ ಕ್ಯಾಲೆಂಡರ್ ಮುಂದೆ ನಿಂತು ಹೊಡೆದುಹಾಕಿದ ರಜೆಗಳನ್ನು ಎಣಿಸಿದರು. "ತಾತ, ಕೈ ಗಟ್ಟಿ ಆಗೋದು ಹಿಡಿದಾಗ ಅಲ್ಲ, ಬಿಟ್ಟಾಗ. ಆರು ವಾರ ಏನೂ ಮುಟ್ಟಬೇಡಿ."

ಬೇರೆ ಮಾತಿನಲ್ಲಿ ಹೇಳಬಹುದಿತ್ತು.

ಮೇ 21

ಮತ್ತೆ ಮೊದಲಿನಿಂದ. ಒಂದು ಟವೆಲ್. ಕಾಲು ಲೋಟ. ಇವಳು ತಾನೇ ಕ್ಯಾಲೆಂಡರ್ ಇಳಿಸಿಕೊಂಡು, ಬಟ್ಟೆ ಮೇಲೆ ಗುರುತು ಹಾಕುವ ಪೆನ್ನಿನಲ್ಲಿ ರಜೆಗಳನ್ನು ಬರೆದಿದ್ದಾಳೆ. ತೊಳೆದರೂ ಹೋಗದು. ರಜೆಯ ದಿನ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವುದು, ಅಷ್ಟೇ.

ಮುಷ್ಟಿ ಮುಷ್ಕರ ವಾಪಸ್ ತೆಗೆದುಕೊಂಡಿದೆ. ಇನ್ನೊಂದು ಸಲ ಹೂಡಲು ಕಾರಣ ಕೊಡುವುದಿಲ್ಲ.

ಜುಲೈ 13

ಯಂತ್ರ: ಇಪ್ಪತ್ತೆಂಟು!

ಮಗಳು ಚಪ್ಪಾಳೆ ತಟ್ಟಿದಳು. ಮೇಡಂ ಬೆಲ್ಟ್ ಹೊರತೆಗೆದರು. ಇವಳು ಬಾಚಣಿಗೆ ಕೇಳಿದಳು. ತಲೆ ಬಾಚಿಕೊಳ್ಳುತ್ತ, "ಅಂಗಡಿ ಬೀಗದ ಕೈ ಎಲ್ಲಿಟ್ಟಿದ್ದೀರಿ?" ಎಂದಳು.

ಅಲ್ಲಿಗೆ ನನ್ನಿಂದ ಆಗಲಿಲ್ಲ. ಮೇಜಿನ ಕೆಳಗೆ ಎರಡೂ ಕೈ ಸೇರಿಸಿ ಅಮುಕಿದ್ದೆ. ಹೇಳಿಬಿಟ್ಟೆ.

ಮೇಡಂ ನಗಲಿಲ್ಲ. ಒಂದೇ ಕೈಯಲ್ಲಿ ಅಮುಕಿಸಿದರು. ಇಪ್ಪತ್ತೊಂದು. ಬೆಲ್ಟ್ ಚೀಲದೊಳಗೆ ಹೋಯಿತು. ಇವಳು ಬಾಚಣಿಗೆ ಕೆಳಗಿಟ್ಟು, "ಇಪ್ಪತ್ತೊಂದು ಕಮ್ಮಿ ಏನಲ್ಲ ರೀ. ಹನ್ನೆರಡಿತ್ತು" ಎಂದಳು.

ಬೈದಿದ್ದರೆ ವಾಸಿಯಿತ್ತು. ಯಂತ್ರದ ಕಿವಿಗೆ ಹೂ ಇಡಬಹುದು. ಮೆಟ್ಟಿಲಿಗೆ ಕಿವಿಯೇ ಇಲ್ಲ.

ಆಗಸ್ಟ್ 24

ಟೆರೇಸಿನ ಪೈಪಿಗೆ ಜೋತುಬಿದ್ದೆ. ಕಾಲು ಸ್ಟೂಲಿನ ಮೇಲೆ, ಅರ್ಧ ಭಾರ ಕೈಗೆ. ಹದಿನೆಂಟು ಸೆಕೆಂಡ್. ಈ ಪೈಪ್ ಮೂವತ್ತು ವರ್ಷದ ಹಿಂದೆ ನಾನೇ ಕೂರಿಸಿದ್ದು, ಅದಕ್ಕೇ ಹೆಚ್ಚು ಭಯ.

ಎದುರು ಟೆರೇಸಿನಿಂದ ಒಬ್ಬಾಕೆ: "ಏನ್ ತಾತ, ಯಾರು ಒಣಗಾಕಿದ್ದು?"

"ಹೆಂಡ್ತಿ. ಒಂದು ಕ್ಲಿಪ್ ಇದ್ರೆ ಎಸೀರಮ್ಮ, ಜಾರ್ತಿದೀನಿ."

ಸಂಜೆ ಮರಳಿನ ಚೀಲಕ್ಕೆ ಹಳೇ ಬೆಲ್ಟ್ ಬಿಗಿದು ಬಲಗೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಹತ್ತೊಂಬತ್ತನೆಯದರಲ್ಲಿ ಕಿರಿಕಿರಿ ಬೆರಳು ಕೈಕೊಟ್ಟಿತು. ಇಳಿಸಿಬಿಡಲೇ ಅನ್ನಿಸಿತು. ಇಳಿಸಲಿಲ್ಲ. ಮೂವತ್ನಾಲ್ಕೂ ಇಳಿದ ಮೇಲೆ ಇವಳ ಅಂಗಡಿ ಬಾಗಿಲಿಗೊರಗಿ ಕೂತೆ. ಬೀಗದ ಮೇಲೆ ಧೂಳು.

ಸೆಪ್ಟೆಂಬರ್ 28

ಇಪ್ಪತ್ತೇಳು. ಇಪ್ಪತ್ತೇಳು. ಇಪ್ಪತ್ತೆಂಟು. ಮೇಡಂ ತಮ್ಮ ಕ್ಲಿನಿಕ್ಕಿನಲ್ಲಿ, ಮಗಳ ಎದುರಿಗೆ, ಎಡಗೈಯನ್ನು ತಲೆ ಮೇಲೆ ಇಡಿಸಿಯೇ ಅಮುಕಿಸಿದರು, ಮೂರು ಸಲ.

ಇವಳಿಗೆ ಹೇಳಿದೆ. ನಂಬಲಿಲ್ಲ. ಮಗಳನ್ನು ಕೇಳಿದಳು. ಅವಳನ್ನೂ ನಂಬಲಿಲ್ಲ. ಮೇಡಂ ಫೋನಿನಲ್ಲಿ ಹೇಳಿದ ಮೇಲೆ ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡಳು.

ಅಕ್ಟೋಬರ್ 12. ಬೆಳಿಗ್ಗೆ 11.20

ಇಳಿದಳು.

ಮೇಡಂ ಮುಂದೆ, ಮುಖ ನಮ್ಮ ಕಡೆ. ಮಗಳು ನಾಲ್ಕು ಮೆಟ್ಟಿಲು ಮೇಲೆ, ಕುರ್ಚಿ ಹಿಡಿದುಕೊಂಡು. ಇವಳ ಒಂದು ಕೈ ಕಂಬಿ ಮೇಲೆ. ಬೆಲ್ಟ್ ನನ್ನ ಬಲಗೈಯಲ್ಲಿ. ಇಪ್ಪತ್ತನೆಯದರಲ್ಲಿ ಅವಳ ಮಂಡಿ ಮಡಚಿತು. ಅವಳ ಭಾರವೆಲ್ಲ ಒಂದೇ ಸಲ ಬೆರಳಿಗೆ ಬಂತು. ಕಣ್ಣು ಕತ್ತಲೆ ಬಂತು. ಬಿಡಲಿಲ್ಲ. ಕಿರಿಕಿರಿ ಬೆರಳೂ ಬಿಡಲಿಲ್ಲ. ಮಂಡಿ ನೆಟ್ಟಗಾಯಿತು. ನಿಂತಳು.

ಒಂದು ನಿಮಿಷ ಸುಧಾರಿಸಿಕೊಳ್ಳಿ ಎಂದರು ಮೇಡಂ. ಇವಳು ನನ್ನತ್ತ ತಿರುಗದೆ, ನನಗಷ್ಟೇ ಕೇಳುವ ಹಾಗೆ —

"ಈ ಸಲ 'ಬಿಟ್ಟೆ' ಅನ್ನಲ್ವಾ?"

"ನೆನಪಿದ್ಯಾ ನಿಂಗೆ?"

"ಬಿದ್ದೋಳು ನಾನಲ್ವಾ? ಉಟ್ಟ ಬಟ್ಟೆ ಒಂದ್ ಚೂರೂ ಒದ್ದೆ ಆಗಿರ್ಲಿಲ್ಲ ರೀ."

"ಇಷ್ಟು ದಿನ ಒಂದು ಮಾತು ಹೇಳ್ಲಿಲ್ಲ..."

"ನೀವೇ ಹೇಳ್ತೀರೇನೋ ಅಂತಿದ್ದೆ. ನಡೀರಿ, ಇನ್ನೂ ಹದಿನಾಲ್ಕಿದೆ."

ಹದಿನಾಲ್ಕೂ ಇಳಿದೆವು. ಬೀಗ ಅವಳೇ ತೆಗೆದಳು. ಮಿಷನ್ನಿನ ಚಕ್ರ ಕಚ್ಚಿಕೊಂಡಿತ್ತು. ನನ್ನ ಕೈಗೆ ತೋರಿಸಿದಳು. ತಿರುಗಿಸಿದೆ, ತಿರುಗಿತು. ಈಗ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಗುಂಡಿ ಕಿತ್ತ ಶರಟು ಹಿಡಿದು ಬಾಗಿಲಲ್ಲಿ ಆಗಲೇ ಒಬ್ಬಾಕೆ ನಿಂತಿದ್ದಾಳೆ. ನಾನು ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಗಳು ದಿಂಬು ತರಲು ಮೇಲೆ ಹೋದಳು. ಬರಲಿ, ಅವಳಿಗೆ ಹೇಳಬೇಕು. ಸ್ಪ್ಯಾನರನಿಗೂ.

ಮೊದಲು ಇಲ್ಲಿ. ಹೋದ ವರ್ಷದ ಡೈರಿಯಲ್ಲೂ 'ನಲ್ಲಿ ಸೋರಿ ಜಾರಿದಳು' ಅಂತಲೇ ಬರೆದಿದ್ದೇನೆ. ಓದುವವರೇ ಇಲ್ಲದ ಕಡೆ ಸುಳ್ಳು.

ನಲ್ಲಿ ಸೋರಿರಲಿಲ್ಲ. ನೆಲ ಒಣಗಿತ್ತು. ಬಚ್ಚಲಿನ ಹೊಸ್ತಿಲು ದಾಟಿಸಲು ಕೈ ಹಿಡಿದಿದ್ದೆ. "ಬಿಟ್ಟೆ!" ಅಂದೆ, ಬೆರಳು ಬಿಚ್ಚಿದೆ. ಅವಳು ನಕ್ಕಳು ಕೂಡ. ಮತ್ತೆ ಹಿಡಿಯಲು ಹೋದೆ, ಬೆರಳು ಬಿಗಿಯಲಿಲ್ಲ. ಅವಳ ಕೈ ಜಾರಿಹೋಯಿತು.