ಅಜ್ಜಿ ಕೇಳದ ಪಿಯಾನೊ

ಇಚಲಕರಂಜಿ
೯ ಜನವರಿ ೨೦೨೫

ಪ್ರೀತಿಯ ಅಕ್ಕಾ, ಜಯ ಜಿನೇಂದ್ರ.

ಅಜ್ಜಿಯ ಕಿವಿಗೆ ಏನೂ ಆಗಿಲ್ಲ. ಮೂರು ವರ್ಷದಿಂದ ಮನೆಯವರೆಲ್ಲ ನಿನಗೆ ಹೇಳುತ್ತ ಬಂದದ್ದು ಸುಳ್ಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಮೊದಲು ಬರೆಯದಿದ್ದರೆ ಪತ್ರ ಮುಂದೆ ಸಾಗುತ್ತಿರಲಿಲ್ಲ. ಈಗ ಕೇಳುತ್ತೇನೆ, ನೀನು ಹೇಗಿದ್ದೀ? ಹಾಲೆಂಡಿನ ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ ಎನ್ನುತ್ತಿದ್ದೆಯಲ್ಲ, ಕಡಿಮೆಯಾಯಿತೆ? ಅಪ್ಪ ಆರಾಮಾಗಿದ್ದಾರೆ. ನಾನು ಮಗ್ಗದ ಕೆಲಸ ಬಿಟ್ಟು ಟೆಂಪೊ ಓಡಿಸುತ್ತಿದ್ದೇನೆ, ಇದನ್ನೂ ಎಷ್ಟು ದಿನ ಓಡಿಸುತ್ತೇನೋ ಗೊತ್ತಿಲ್ಲ. ಅಜ್ಜಿ ಈಗ ನನ್ನ ಖೋಲಿಯಲ್ಲೇ ಇದ್ದಾಳೆ. ಪಕ್ಕದ ಮಗ್ಗಗಳ ಸದ್ದಿಗೆ "ಏನ್ ಗದ್ದಲಪಾ ಇದು, ತಲಿ ಒಡಿಯಾಕತ್ತೈತಿ" ಎಂದು ಬೆಳಗಿನಿಂದ ಬೈಯುತ್ತಿದ್ದಾಳೆ. ಕಿವುಡಿ ಹಾಗೆ ಬೈಯುತ್ತಾಳೆಯೆ?

ನಡೆದದ್ದು ಇಷ್ಟು. ಇನ್ನೂರು ವರ್ಷದ ಹಳೆಯ ಪಿಯಾನೊ ಬಾರಿಸಿದ ವಿಡಿಯೊವೊಂದನ್ನು ನೀನು ಕಳಿಸಿದ್ದೆ. ಗಡಹಿಂಗ್ಲಜದ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಎಲ್ಲರೂ ನೋಡುತ್ತಿದ್ದೆವು. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸದಿಯ ಪೂಜೆಯ ಹಾರ್ಮೋನಿಯಂ ಪೇಟಿ ಕಲಿಸಿದವಳು ಅಜ್ಜಿ. ಅಲ್ಲಿಂದ ನೀನು ಕೊಲ್ಹಾಪುರದ ಟೀಚರ ಮನೆಯ ಪಿಯಾನೊಗೆ, ಪುಣೆಗೆ, ಆಮೇಲೆ ಹಾಲೆಂಡಿಗೆ ಹೋದೆ. ಹೊಸ ಪಿಯಾನೊ ಸಾಲದೆಂದು ತಂತಿ ಮೀಟುವ ಹಾರ್ಪ್ಸಿಕಾರ್ಡ್ ಕಲಿತೆ, ಜೋರು ಮಾಡಿದರೆ ಮುನಿಸಿಕೊಳ್ಳುವ ಹಳೇ ಪಿಯಾನೊ ಕಲಿತೆ. ಅಜ್ಜಿಗೆ ಅವುಗಳ ಹೆಸರು ನಾಲಿಗೆಗೆ ಹತ್ತುವುದಿಲ್ಲ, ಎಲ್ಲಕ್ಕೂ ನಿನ್ನ ಹೆಸರೇ, "ಪ್ರಿಯಾನ ಪೇಟಿ". ಅವತ್ತು ಫೋನನ್ನು ಮೂಗಿನ ಹತ್ತಿರ ಹಿಡಿದು, ನೀನು ಬೆರಳಿಡುವ ಪಟ್ಟಿಗಳನ್ನು ನೋಡಿ, "ಪಟ್ಟಿ ಯಾಕ ಹಳದಿ ಆಗ್ಯಾವೋ? ಹಾಲೆಂಡದಾಗ ಒರಸವ್ರು ಯಾರೂ ಇಲ್ಲೇನು?" ಎಂದಳು. ಅಪ್ಪ, "ಪ್ಲಾಸ್ಟಿಕ್ ಐತಿ ಯವ್ವಾ, ಹಳೇದಾಗೈತಿ" ಎಂದರು. ನನಗೆ ತಡೆಯಲಾಗಲಿಲ್ಲ. ನೀನು ನನಗೊಬ್ಬನಿಗೇ ಹೇಳಿದ್ದನ್ನು ಹೇಳಿಬಿಟ್ಟೆ: "ಆನಿ ದಂತ ಅದು, ಅಜ್ಜಿ."

ನೀರು ಸೋಸದೆ ಕುಡಿಯದ, ಮಣ್ಣೊಳಗಿನ ಗಡ್ಡೆ ಮುಟ್ಟದ ಮುದುಕಿ. ಮರುದಿನ ಚಾತುರ್ಮಾಸಕ್ಕೆ ಬಂದಿದ್ದ ಮುನಿ ಮಹಾರಾಜರ ಮುಂದೆ ನಿಂತು ನಿಯಮ ತೆಗೆದುಕೊಂಡಳು: ಸಾಯುವ ತನಕ ಪ್ರಿಯಾನ ಪೇಟಿ ಕೇಳುವುದಿಲ್ಲ. ನಿನಗೆ ಇದನ್ನು ಹೇಳಲು ಧೈರ್ಯವಾಗದೆ ಅಪ್ಪ, ಅಜ್ಜಿಗೆ ಕಿವಿ ಹೋದವು ಎಂದು ಫೋನಿನಲ್ಲಿ ಹೇಳಿದರು. ನೀನು ಅಳುತ್ತ ಕಿವಿಯ ಮಷಿನ್ ಕಳಿಸಿದೆ. ಅಜ್ಜಿ ಸುಳ್ಳಾಡಲಿಲ್ಲ. ನೀನು ವಿಡಿಯೊ ಕಾಲ್ ಮಾಡಿದಾಗ ಅದನ್ನು ಹಚ್ಚಿಕೊಂಡು ನಿನ್ನ ಮುಖ ನೋಡುತ್ತ ಸುಮ್ಮನೆ ಕೂರುತ್ತಾಳೆ, ಅಷ್ಟೆ.

ನಾನು ಅಜ್ಜಿಗೆ ಹೇಳಿದ್ದು ನಿಜವೇ. ಆದರೆ ದಂತ ಆ ಒಂದು ವಾದ್ಯದ್ದು, ಆ ಆನೆ ಸತ್ತು ಇನ್ನೂರು ವರ್ಷವಾಗಿದೆ, ನೀನು ಹೆಚ್ಚಾಗಿ ಬಾರಿಸುವುದು ಪ್ಲಾಸ್ಟಿಕ್ ಪಟ್ಟಿಯ ಪಿಯಾನೊ ಎಂದು ಹೇಳಲಿಲ್ಲ. ಖರೆ ಮಾತಾಡಿದೆನೆಂಬ ಜಂಬದಲ್ಲಿ ಎದ್ದು ಹೊರಗೆ ಹೋದೆ. ವಾರ ಬಿಟ್ಟು ಹೇಳಿದಾಗ ಅಜ್ಜಿ ನಕ್ಕುಬಿಟ್ಟಳು: "ನಿಯಮ ಅಂದ್ರ ನಿನ್ನ ಸಾಲಿ ಪಾಟಿ ಏನೋ, ಉಗುಳ ಹಚ್ಚಿ ಒರಸಾಕ? ಸಾಲೀನೂ ಅರ್ಧಕ್ಕ ಬಿಟ್ಟಿ, ಮಾತೂ ಅರ್ಧಕ್ಕ ಬಿಟ್ಟಿ." ಅವಳ ನಗು ಇನ್ನೂ ಚುಚ್ಚುತ್ತದೆ ಅಕ್ಕಾ.

ಭಾನುವಾರ ಕೊಲ್ಹಾಪುರದಲ್ಲಿ ನಿನ್ನ ಸಂಗೀತ ಕಛೇರಿ. ಅದಕ್ಕೂ ಮೊದಲು ಮನೆಗೆ ಬಂದು ಅಜ್ಜಿಯ ಮುಂದೆ ಪೇಟಿ ಬಾರಿಸುತ್ತೇನೆ, ಕೇಳದಿದ್ದರೂ ಅದರ ಮೇಲೆ ಕೈಯಿಟ್ಟು ನಾದದ ಕಂಪನ ನೋಡಲಿ ಎಂದು ನೀನು ಮೆಸೇಜು ಮಾಡಿದ್ದೆ. ಅಜ್ಜಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಮುಂದ ಕುಂತು ಬಾರಸಾಕತ್ರ ನಾ ಏನ್ ಮಾಡ್ಲೋ? ಕುಂತ್ರ ನಿಯಮ ಮುರೀತೈತಿ, ಎದ್ರ ಹುಡುಗಿ ಮನಸ ಮುರೀತೈತಿ. ನನ್ನ ಶಿಖರ್ಜಿಗೆ ಕರಕೊಂಡ ನಡಿ." ಅಪ್ಪ ಎಷ್ಟು ಹೇಳಿದರೂ ಕೇಳದೆ ಆ ದೂರದ ತೀರ್ಥಯಾತ್ರೆಗೆಂದು ಸೀರೆಗಳನ್ನು ಗಂಟು ಕಟ್ಟಿಕೊಂಡು ನನ್ನ ಜೊತೆ ಇಲ್ಲಿಗೆ ಬಂದಳು. ನಾನು ಮಾಡಿದ್ದಕ್ಕೆ ನಾನೇ ಅವಳನ್ನು ನಿನ್ನಿಂದ ದೂರ ಒಯ್ಯಬೇಕಾಗಿದೆ.

ಫೋನಿನಲ್ಲಿ ಇಷ್ಟು ಹೇಳುವುದು ನನ್ನಿಂದಾಗದು. ಸೋದರತ್ತೆಯ ಮಗಳು ನಿನ್ನನ್ನು ಕರೆತರಲು ಬರುತ್ತಾಳಲ್ಲ, ಪತ್ರ ಅವಳ ಕೈಯಲ್ಲಿ ಕೊಡುತ್ತೇನೆ. ಅಪ್ಪನ ಮೇಲೆ ಸಿಟ್ಟಾಗಬೇಡ. ನನ್ನ ಮೇಲೆ ಆಗು. ಅಜ್ಜಿಗೆ ಈ ಪತ್ರದ ವಿಷಯ ಗೊತ್ತಿಲ್ಲ, ಆದರೂ ಅವಳ ಆಶೀರ್ವಾದವಿದೆ ಎಂದು ಬರೆದರೆ ಸುಳ್ಳಾಗುವುದಿಲ್ಲ.

ನಿನ್ನ ತಮ್ಮ,
ಹರ್ಷದ

ತಾ. ಕ.: ಆಮಂತ್ರಣ ಪತ್ರಿಕೆಯಲ್ಲಿ "ಕಿವಿ ಕೇಳದ ನನ್ನ ಅಜ್ಜಿಗೆ ಅರ್ಪಣೆ" ಎಂದು ಅಚ್ಚಾಗಿದೆ. ವೇದಿಕೆಯ ಮೇಲೆ ಆ ಮಾತು ಆಡಬೇಡ ಅಕ್ಕಾ. ಜನರ ಮುಂದೆ ನಿನ್ನ ಬಾಯಿಂದ ನಮ್ಮ ಸುಳ್ಳು ಬರಬಾರದು. ಚೆನ್ನಾಗಿ ಬಾರಿಸು. ನಾವು ಮರಳುವ ತನಕ ಇರಲು ಆದರೆ ಇರು. ಪೇಟಿ ಮುಟ್ಟದೆ ಅಜ್ಜಿಯ ಹತ್ತಿರ ಕುಳಿತು ಮಾತಾಡು, ಅವಳಿಗೆ ಎಲ್ಲ ಕೇಳಿಸುತ್ತದೆ. ನಾಳೆ ಹಾತಕಣಂಗಲೆಯಿಂದ ಶಿಖರ್ಜಿಯ ಕಡೆಗೆ ರೈಲು. ನಾವು ಹೊರಡುತ್ತೇವೆ.